ವಾಹನದಾನ ವಿವೇಕ

ದಾನವು ಕೊಡುವವನ ಕೈಯಲ್ಲಿ ಆರಂಭವಾಗಿ ಪಡೆಯುವವನ ಹಿತದಲ್ಲಿ ಮುಕ್ತಾಯವಾಗತಕ್ಕದ್ದು. ಕೈಯಿಂದ ಜಾರಿದ ಮಾತ್ರಕ್ಕೆ ಯಾವ ವಸ್ತುವೂ ದಾನವೆನಿಸದು. ಹಿರಿಯರು ದಾನದ ವಿಷಯದಲ್ಲಿ ದೇಶ, ಕಾಲ, ಪಾತ್ರ ಎಂಬ ಮೂರನ್ನೂ ವಿಚಾರಿಸಬೇಕೆಂದು ವಿಧಿಸಿದ್ದು ಈ ಕಾರಣದಿಂದಲೇ. ಧಾನ್ಯ, ವಸ್ತ್ರ, ಭೂಮಿ, ಗೋವು ಇವುಗಳ ದಾನದ ಕ್ರಮ ನಾಡಿಗೆ ಹಳೆಯ ಪರಿಚಯ. ಆದರೆ ಕಾಲ ಬದಲಾದಂತೆ ದಾನದ ವಸ್ತುಗಳೂ ಬದಲಾಗುತ್ತವೆ. ಬಡತನದಲ್ಲಿ ಓದಿ ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಸಂಪನ್ನರಾದ ಹಿರಿಯ ವಿದ್ಯಾರ್ಥಿಗಳು ಇಂದು ತಮ್ಮ ಬಳಕೆಯ ಕಾರನ್ನೇ, ಅದರಲ್ಲಿಯೂ ಬೆಲೆಬಾಳುವ ಸ್ಪೋರ್ಟ್ಸ್ ಕಾರನ್ನೇ, ಧರ್ಮಸಂಸ್ಥೆಗೆ ಕೊಡುವ ಇಚ್ಛೆ ತೋರುವುದು ಅಸಂಭವವೇನಲ್ಲ. ಅಂಥ ದಾನವನ್ನು ಹೇಗೆ ಕೊಡಬೇಕು, ಹೇಗೆ ಕೈಕೊಳ್ಳಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಈ ವಿಚಾರಕ್ಕೆ ಕೆಂಗಲ್ ಪ್ರದೇಶಕ್ಕಿಂತ ಒಪ್ಪುವ ಪೀಠಿಕೆ ಬೇರೆ ದೊರೆಯದು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಬೆಂಗಳೂರು ಮೈಸೂರುಗಳ ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ಕೆಂಗಲ್ ಆಂಜನೇಯನ ಗುಡಿಯಿದೆ. ಕೆಂಪು ಕಲ್ಲಿನಿಂದ ಸ್ಥಳಕ್ಕೆ ಈ ಹೆಸರು ಬಂದಿತೆಂಬುದು ಜನರ ಮಾತು. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿ ಹನುಮಂತಯ್ಯನವರು ಈ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿ ಅದನ್ನು ನಾಡಿನಾದ್ಯಂತ ಪರಿಚಯಿಸಿದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ನೆರೆಯುವ ದನಗಳ ಜಾತ್ರೆ ಸುತ್ತಣ ತಾಲ್ಲೂಕುಗಳಿಗೆಲ್ಲ ಹೆಸರಾದುದು. ಹಳ್ಳಿಕಾರ್ ತಳಿಯ ಜೋಡಿ ಎತ್ತುಗಳ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ, ನೇಗಿಲಿಗೂ ಗಾಡಿಗೂ ಎಷ್ಟು ವರ್ಷ ಬಂದಾವೆಂದು ಲೆಕ್ಕಹಾಕಿ ಬೆಲೆ ಕಟ್ಟುವ ವಿದ್ಯೆ ಇಲ್ಲಿಯ ರೈತರಿಗೆ ವಂಶಪಾರಂಪರ್ಯವಾಗಿ ಬಂದದ್ದು. ಇದೇ ರಸ್ತೆಯ ಬಿಡದಿಯಲ್ಲಿ ಕಳೆದ ಶತಮಾನದ ಕೊನೆಯಿಂದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಕಾರುಗಳನ್ನು ತಯಾರಿಸುತ್ತಿದೆ. 2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವೇಗದ ಕಾರುಗಳು ಊರ ಹೊರಗಿನಿಂದಲೇ ಸಾಗಿಹೋಗುತ್ತವೆ. ದನದ ಬೆಲೆ ಬಲ್ಲ ಈ ನೆಲಕ್ಕೆ ಕಾರಿನ ಬೆಲೆ ಅರಿಯುವುದು ಕಷ್ಟವಲ್ಲ. ಅದೇ ವಿವೇಕವನ್ನು ದಾನದಲ್ಲಿಯೂ ಬಳಸಬೇಕಾಗಿದೆ.

ಮುದಿ ಹಸುಗಳ ಕಥೆ

“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ” ಎಂಬ ಗಾದೆ ಪಡೆಯುವವನ ಕೃತಘ್ನತೆಯನ್ನು ಹಾಸ್ಯಮಾಡುತ್ತದೆ. ಅದು ಸರಿಯೆ. ಉಡುವ ಬಟ್ಟೆ ಒಂದು ಗೇಣು ಕಡಿಮೆಯಾದರೂ ಉಟ್ಟವನಿಗೆ ಹಾನಿಯಿಲ್ಲ. ಆದರೆ ಎಲ್ಲ ವಸ್ತುಗಳ ವಿಷಯದಲ್ಲಿಯೂ ಈ ಮಾತು ಸಲ್ಲದು. ಕೆಲವು ವಸ್ತುಗಳು ಪಡೆದವನಿಗೆ ಸೇವೆ ಮಾಡುವ ಬದಲು ಅವನಿಂದಲೇ ಸೇವೆ ಮಾಡಿಸಿಕೊಳ್ಳುತ್ತವೆ. ಅಂಥವನ್ನು ಮೊಳ ಹಾಕಿಯೇ ತೆಗೆದುಕೊಳ್ಳಬೇಕು.

ಕಠೋಪನಿಷತ್ತಿನ ಆರಂಭದಲ್ಲಿ ಬರುವ ಪ್ರಸಂಗವು ಇದಕ್ಕೆ ಉಜ್ಜ್ವಲವಾದ ನಿದರ್ಶನ. ಸರ್ವಸ್ವವನ್ನೂ ದಾನ ಮಾಡುವ ಯಜ್ಞವನ್ನು ಕೈಕೊಂಡ ವಾಜಶ್ರವಸನು ದಕ್ಷಿಣೆಗೆಂದು ಹೊಡೆದು ತಂದ ಹಸುಗಳು ಎಂಥವು? ಕುಡಿಯಬಹುದಾದಷ್ಟು ನೀರನ್ನು ಕುಡಿದು ಮುಗಿಸಿದವು, ಮೇಯಬಹುದಾದಷ್ಟು ಹುಲ್ಲನ್ನು ಮೇದು ಮುಗಿಸಿದವು, ಹಾಲು ಬತ್ತಿದವು, ಇನ್ನು ಕರು ಹಾಕಲಾರದವು. ಬಾಲಕ ನಚಿಕೇತನಿಗೆ ತಂದೆಯ ಈ ದಾನ ಸರಿಕಾಣಲಿಲ್ಲ. ಇಂಥವನ್ನು ಕೊಟ್ಟವನಿಗೆ ಆನಂದವಿಲ್ಲದ ಲೋಕ ಪ್ರಾಪ್ತವಾದೀತೆಂದು ಅವನ ಮನಸ್ಸು ಕಳವಳಗೊಂಡಿತು. ಹಾಗಾದರೆ ನನ್ನನ್ನು ಯಾರಿಗೆ ಕೊಡುವೆ ಎಂದು ಅವನು ತಂದೆಯನ್ನು ಕೇಳಿದ್ದು ಆ ಕಳವಳದಿಂದ. ಆ ಮೇಲಿನ ಬ್ರಹ್ಮವಿದ್ಯೆಯೆಲ್ಲ ಹುಟ್ಟಿದ್ದು ಕೊಡಬಾರದ ಹಸುವನ್ನು ಕೊಟ್ಟ ಪ್ರಸಂಗದಿಂದ ಎಂಬುದನ್ನು ಮರೆಯಲಾಗದು. ಮುದಿ ಹಸುವನ್ನು ಪಡೆದ ಬ್ರಾಹ್ಮಣನು ಹಾಲು ಕಾಣದೆ ಹುಲ್ಲು ಹಾಕುತ್ತ ಕೂರಬೇಕಾಗುತ್ತದೆ. ಕೊಟ್ಟವನ ಕೊಟ್ಟಿಗೆ ಹಗುರವಾಯಿತು, ಪಡೆದವನ ಕೊಟ್ಟಿಗೆಗೆ ಭಾರವಾಯಿತು.

ಬಳಸಿ ಬಿಟ್ಟ ಸ್ಪೋರ್ಟ್ಸ್ ಕಾರು ನೋಟಕ್ಕೆ ಮುದಿ ಹಸುವಿನಂತಿರದು. ಮೈಗೆ ಹೊಳಪಿದೆ, ಇಂಜಿನ್ನಿಗೆ ಬಲವಿದೆ. ಆದರೂ ಶಾಲೆಯೊಂದರ ಅಂಗಳದಲ್ಲಿ ಅದರ ಗತಿ ಅದೇ ಆಗುವ ಸಂಭವವುಂಟು. ಈ ಜಾತಿಯ ಕಾರುಗಳಲ್ಲಿ ಹಲವಕ್ಕೆ ಎರಡೇ ಆಸನ. ನೆಲದಿಂದ ನಾಲ್ಕೈದು ಅಂಗುಲದ ಎತ್ತರದಲ್ಲಿ ಓಡುವ ಈ ಗಾಡಿ ಹಳ್ಳಿಯ ದಾರಿಯ ಉಬ್ಬುಗಳನ್ನು ದಾಟುವಾಗ ಹೊಟ್ಟೆ ತರಚಿಕೊಳ್ಳುತ್ತದೆ. ಮಕ್ಕಳನ್ನು ಕರೆತರಲು ಬಾರದು, ಅಕ್ಕಿಮೂಟೆ ಹೊರಲು ಬಾರದು, ನಡುರಾತ್ರಿ ಕಾಯಿಲೆಯಾದ ವಿದ್ಯಾರ್ಥಿಯನ್ನು ಮಲಗಿಸಿ ಆಸ್ಪತ್ರೆಗೆ ಸಾಗಿಸಲೂ ಬಾರದು. ಅದರ ಟೈರು, ಬ್ರೇಕು, ಎಣ್ಣೆ ಎಲ್ಲವೂ ದುಬಾರಿ. ದುರಸ್ತಿ ಬಲ್ಲ ಮೇಸ್ತ್ರಿ ದೊಡ್ಡ ಪಟ್ಟಣದಲ್ಲಿ ಮಾತ್ರ. ವಿಮೆಯ ಕಂತು ವರ್ಷವರ್ಷವೂ ಬರುತ್ತದೆ. ಓಡಿಸದೆ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತದೆ, ಟೈರು ಗಟ್ಟಿಯಾಗುತ್ತದೆ, ಬೆಲೆ ದಿನೇ ದಿನೇ ಇಳಿಯುತ್ತದೆ. ಆದುದರಿಂದ ಇಂಥ ಕಾರಿನ ಪ್ರಯೋಜನ ಅದರ ಓಟದಲ್ಲಿಲ್ಲ, ಅದರ ಬೆಲೆಯಲ್ಲಿದೆ. ಶಾಲೆಗೆ ಬೇಕಾದುದು ಕಾರಲ್ಲ; ಕಾರು ಅಕ್ಕಿಯಾಗಬೇಕು, ರಾಗಿಯಾಗಬೇಕು, ಪುಸ್ತಕವಾಗಬೇಕು, ಪ್ರಯೋಗಾಲಯವಾಗಬೇಕು. ಈ ರೂಪಾಂತರವನ್ನು ಸಾಧಿಸುವ ಶ್ರಮವನ್ನು ಯಾರು ಹೊರಬೇಕೆಂಬುದೇ ಇಲ್ಲಿರುವ ಮುಖ್ಯ ಪ್ರಶ್ನೆ.

ಕಾರು ಅನ್ನವಾದ ಪ್ರಸಂಗಗಳು

ವಸ್ತುವನ್ನು ಪಡೆದು ಅದನ್ನು ಬಹಿರಂಗವಾಗಿ ಹಣವಾಗಿಸಿ ಸೇವೆಗೆ ವಿನಿಯೋಗಿಸುವ ಕ್ರಮ ಈ ದೇಶಕ್ಕೆ ಹೊಸದಲ್ಲ. ಗಾಂಧೀಜಿಯವರು ತಮ್ಮ ಪ್ರವಾಸಗಳಲ್ಲಿ ಬಂದ ಕಾಣಿಕೆಗಳನ್ನು ಸಭೆಯಲ್ಲಿಯೇ ಹರಾಜು ಹಾಕಿ ನಿಧಿಗೆ ಸೇರಿಸುತ್ತಿದ್ದುದು ಪ್ರಸಿದ್ಧ. 1934ರಲ್ಲಿ ಅವರು ಕೊಡಗಿಗೆ ಬಂದಾಗ ಕಥೆಗಾರ್ತಿ ಕೊಡಗಿನ ಗೌರಮ್ಮನವರು ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದುದನ್ನು ಕನ್ನಡ ಓದುಗರು ಬಲ್ಲರು. ಆ ಒಡವೆ ಯಾರ ಕೊರಳನ್ನೂ ಸಿಂಗರಿಸಲೆಂದು ಕೊಟ್ಟುದಲ್ಲ; ನಿಧಿಯಾಗಲೆಂದು ಕೊಟ್ಟುದು.

ಕಾರಿನ ವಿಷಯದಲ್ಲಿಯೂ ಭಾರತದಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. 1964ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಕ್ರೈಸ್ತ ಮಹಾಸಮ್ಮೇಳನಕ್ಕೆ ಬಂದ ಆರನೆಯ ಪೋಪ್ ಪಾಲರು ಅಲ್ಲಿ ತಾವು ಬಳಸಿದ ಬಿಳಿಯ ಲಿಂಕನ್ ಕಾಂಟಿನೆಂಟಲ್ ಕಾರನ್ನು ಹಿಂದಿರುಗುವಾಗ ಮದರ್ ತೆರೇಸಾ ಅವರ ಸೇವಾಕಾರ್ಯಕ್ಕೆ ಬಿಟ್ಟುಹೋದರು. ಕಲ್ಕತ್ತೆಯ ಕೊಳೆಗೇರಿಯ ಸಂದಿಗಳಲ್ಲಿ ನಡೆದಾಡುವ ಆ ತಾಯಿಗೆ ಅಷ್ಟು ದೊಡ್ಡ ಕಾರಿನಿಂದ ಆಗಬೇಕಾದುದೇನು? ಅವರು ಅದನ್ನು ಏರಲಿಲ್ಲ. ಚೀಟಿ ಎತ್ತಿಸಿ, ಅಂದರೆ ಲಾಟರಿಯ ಕ್ರಮದಲ್ಲಿ ಚೀಟಿಗಳನ್ನು ಮಾರಿ, ಬಂದ ಹಣವನ್ನು ಕುಷ್ಠರೋಗಿಗಳಿಗಾಗಿ ನಿರ್ಮಿಸುತ್ತಿದ್ದ ಶಾಂತಿನಗರಕ್ಕೆ ವಿನಿಯೋಗಿಸಿದರು. ಕಾರಿನ ಬೆಲೆಗಿಂತ ಅದರ ಹೆಸರಿಗೆ ಹೆಚ್ಚಿನ ಬೆಲೆಯಿದೆಯೆಂಬುದನ್ನು ಅವರು ಅರಿತಿದ್ದರು. ಸ್ಪೋರ್ಟ್ಸ್ ಕಾರಿನದೇ ನಿದರ್ಶನ ಬೇಕೆಂದರೆ ಅರ್ಧ ಶತಮಾನದ ತರುವಾಯದ ಪ್ರಸಂಗವನ್ನು ನೋಡಬಹುದು. 2017ರ ನವೆಂಬರಿನಲ್ಲಿ ಲ್ಯಾಂಬೋರ್ಗಿನಿ ಕಂಪೆನಿಯು ಪೋಪ್ ಫ್ರಾನ್ಸಿಸರಿಗೆ ಹುರಾಕಾನ್ ಎಂಬ ಕಾರನ್ನು ಕಾಣಿಕೆಯಾಗಿ ಕೊಟ್ಟಿತು. ಅವರು ಅದರ ಮೇಲೆ ಸಹಿ ಹಾಕಿದರು, ಹರಸಿದರು, ಹರಾಜಿಗೆ ಕಳುಹಿದರು. 2018ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಅದು ಏಳು ಲಕ್ಷ ಯೂರೋಗೂ ಮೀರಿ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಯುದ್ಧದಿಂದ ನೆಲೆಕಳೆದುಕೊಂಡವರ ಮನೆಗಳ ಪುನರ್ನಿರ್ಮಾಣವೇ ಮೊದಲಾದ ಕಾರ್ಯಗಳಿಗೆ ಆ ಹಣ ಮೀಸಲಾಯಿತು.

ಬಟ್ಟೆಯ ಮರೆಯೂ ಬಹಿರಂಗ ಸವಾಲೂ

ಹರಾಜು ಎಂದ ಮಾತ್ರಕ್ಕೆ ನ್ಯಾಯವಾದ ಬೆಲೆ ಬರುವುದೆಂದು ತಿಳಿಯಲಾಗದು. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಹಳೆಯದು. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಅವರಿಗೆ ತಿಳಿಯಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಮಾರುವವನ ಎತ್ತು ಅವನದೇ. ಆದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಡೆಯುವ ಕ್ರಮವೇ ಬೇರೆ. ರೈತನು ತಂದ ಗೂಡಿನ ರಾಶಿಗೆ ಸಂಖ್ಯೆ ಬೀಳುತ್ತದೆ, ಕೊಳ್ಳುವವರು ಗೂಡನ್ನು ಕೈಯಾರೆ ಮುಟ್ಟಿ ನೋಡುತ್ತಾರೆ, ಸವಾಲು ಎಲ್ಲರಿಗೂ ಕಾಣುವಂತೆ ಏರುತ್ತದೆ, ಬಂದ ಬೆಲೆ ರೈತನಿಗೆ ಒಪ್ಪಿಗೆಯಾಗಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಸವಾಲು ವಿದ್ಯುನ್ಮಾನ ಯಂತ್ರಗಳ ಮೂಲಕವೂ ನಡೆಯತೊಡಗಿದೆ. ಧರ್ಮಕ್ಕೆ ಬಂದ ವಸ್ತುವನ್ನು ಮಾರುವಾಗ ಟವಲಿನ ಮರೆ ಸಲ್ಲದು. ಗೂಡಿನ ಮಾರುಕಟ್ಟೆಯ ಬಯಲೇ ಬೇಕು. ಏಕೆಂದರೆ ಇಲ್ಲಿ ಮಾರುವವನು ವಸ್ತುವಿನ ಒಡೆಯನಲ್ಲ, ಕೇವಲ ಕಾವಲುಗಾರ.

ನೆರೆಯ ಕೇರಳದ ಗುರುವಾಯೂರಿನಲ್ಲಿ ನಡೆದ ಪ್ರಸಂಗವು ಈ ಮಾತಿಗೆ ಪುಷ್ಟಿ ಕೊಡುತ್ತದೆ. 2021ರ ಡಿಸೆಂಬರಿನಲ್ಲಿ ಮಹೀಂದ್ರಾ ಕಂಪೆನಿಯು ಅಲ್ಲಿಯ ದೇವರಿಗೆ ಹೊಸ ಥಾರ್ ವಾಹನವನ್ನು ಕಾಣಿಕೆಯಾಗಿ ಒಪ್ಪಿಸಿತು. ದೇವಸ್ಥಾನದವರು ಅದನ್ನು ಹರಾಜಿಗೆ ಇಟ್ಟಾಗ ಮೊದಲ ಸಲ ಸವಾಲು 15 ಲಕ್ಷದ 10 ಸಾವಿರ ರೂಪಾಯಿಗೆ ನಿಂತಿತು. ಆ ಹರಾಜಿನ ಬಗ್ಗೆ ಆಕ್ಷೇಪಗಳು ಬಂದು ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2022ರ ಜೂನ್ ತಿಂಗಳಲ್ಲಿ ಮರುಹರಾಜು ನಡೆದು ಹಲವರು ಪೈಪೋಟಿಯಿಂದ ಕೂಗಿದಾಗ ಅದೇ ವಾಹನ 43 ಲಕ್ಷ ರೂಪಾಯಿಗೆ ಹೋಯಿತು. ವಾಹನ ಅದೇ, ದೇವರು ಅದೇ. ಸವಾಲು ಕೂಗುವವರ ಸಂಖ್ಯೆ ಮಾತ್ರ ಹೆಚ್ಚಿತು. ಸುಮಾರು 28 ಲಕ್ಷ ರೂಪಾಯಿಗಳ ಈ ವ್ಯತ್ಯಾಸ ಒಂದು ಹಳ್ಳಿಯ ಶಾಲೆಗೆ ಎಷ್ಟು ಕೊಠಡಿಗಳಾದೀತೆಂಬುದನ್ನು ಆಡಳಿತಗಾರರು ಯೋಚಿಸಬೇಕು.

ಇದರ ಜೊತೆಗೆ ಇನ್ನೊಂದು ಎಚ್ಚರವೂ ಬೇಕು. ಧರ್ಮಸಂಸ್ಥೆಗೆ ಬಂದ ಸ್ವತ್ತನ್ನು ಅದರ ಧರ್ಮದರ್ಶಿಗಳಿಗೋ ಅವರ ಬಂಧುಗಳಿಗೋ ಕಡಿಮೆ ಬೆಲೆಗೆ ಮಾರಿದರೆ ಆದಾಯ ತೆರಿಗೆಯ ಕಾಯಿದೆ ಅದನ್ನು ಸ್ವಹಿತಕ್ಕಾಗಿ ಮಾಡಿದ ಬಳಕೆಯೆಂದು ಎಣಿಸುತ್ತದೆ. ಸಂಸ್ಥೆಗೆ ಇರುವ ತೆರಿಗೆ ವಿನಾಯಿತಿಗೇ ಅದರಿಂದ ಚ್ಯುತಿ ಬರಬಹುದು. ಒಂದು ಕಾರಿನ ಆಸೆಗೆ ನೂರಾರು ಮಕ್ಕಳ ಅನ್ನದ ಬಟ್ಟಲು ಅಲುಗುವಂತಾಗಬಾರದು.

ಸರ್ವಬಾಧಾಪರಿಹಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಸರ್ವಬಾಧಾಪರಿಹಾರವೆಂಬ ಮಾತು ಚಿರಪರಿಚಿತ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ ಮಾಗಡಿ ಸೀಮೆಯ ಶಾಸನಗಳೂ ಸೇರಿವೆ. ಹಳೆಯ ದಾನಶಾಸನಗಳಲ್ಲಿ ಭೂಮಿಯನ್ನು ಕೊಟ್ಟೆನೆಂದು ಬರೆದು ಕೈತೊಳೆದುಕೊಳ್ಳುವ ಪದ್ಧತಿ ಇರಲಿಲ್ಲ. ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಗದ್ದೆ ಎಷ್ಟು, ಬೆದ್ದಲು ಎಷ್ಟು, ಸಾಕ್ಷಿ ಯಾರು ಎಂಬುದನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಆ ಭೂಮಿಯ ಮೇಲಿನ ತೆರಿಗೆ ತೊಡಕುಗಳನ್ನೆಲ್ಲ ನಿವಾರಿಸಿ ಕೊಡುವುದೇ ಸರ್ವಬಾಧಾಪರಿಹಾರ. ದಾನ ಪಡೆದವನಿಗೆ ಮುಂದೆ ಯಾರೂ ಬಾಧೆ ಕೊಡದಂತೆ ಮಾಡುವುದು ದಾನದ ಅಂಗವೇ ಆಗಿತ್ತು.

ವಾಹನದ ದಾನದಲ್ಲಿ ಈ ಬಾಧೆಗಳು ಯಾವುವು? ಮೊದಲನೆಯದು ಸಾಲದ ಒತ್ತೆ. ಬ್ಯಾಂಕಿನ ಸಾಲದಿಂದ ಕೊಂಡ ಕಾರಿನ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹಕ್ಕು ನಮೂದಾಗಿರುತ್ತದೆ. ಸಾಲ ತೀರಿಸಿದ ಮೇಲೆ ಬ್ಯಾಂಕಿನ ಒಪ್ಪಿಗೆಯೊಂದಿಗೆ 35ನೆಯ ನಮೂನೆಯ ಮೂಲಕ ಆ ನಮೂದನ್ನು ತೆಗೆಸಬೇಕು. ಎರಡನೆಯದು ತೆರಿಗೆ. ಕರ್ನಾಟಕದಲ್ಲಿ ಸ್ವಂತ ಕಾರಿಗೆ ಜೀವಾವಧಿ ತೆರಿಗೆಯನ್ನು ಒಮ್ಮೆಗೇ ಕಟ್ಟಬೇಕು. 20 ಲಕ್ಷ ರೂಪಾಯಿಗೂ ಮೀರಿದ ಪೆಟ್ರೋಲ್ ಡೀಸೆಲ್ ಕಾರುಗಳಿಗೆ ಅದು ಬೆಲೆಯ ನೂರಕ್ಕೆ 18ರಷ್ಟಿದ್ದು ಅದರ ಮೇಲೆ ಉಪಕರವೂ ಸೇರುತ್ತದೆ. ಈ ಭಾರವನ್ನು ತಪ್ಪಿಸಿಕೊಳ್ಳಲು ಹೊರರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವವರೂ ಉಂಟು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದ ಸುಮಾರು ಮೂವತ್ತು ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಹೊರರಾಜ್ಯದ ನೋಂದಣಿಯುಳ್ಳ ಕಾರನ್ನು ಪಡೆಯುವ ಸಂಸ್ಥೆಯು ಆ ಬಾಕಿಯನ್ನೂ ತಲೆಯ ಮೇಲೆ ಹೊತ್ತುಕೊಂಡಂತಾದೀತು. ಮೂರನೆಯದು ಬಾಕಿ ಉಳಿದ ದಂಡಗಳು. ವೇಗದ ಕಾರಿಗೆ ಇವು ಅಪರೂಪವಲ್ಲ.

ನಾಲ್ಕನೆಯದೂ ಎಲ್ಲಕ್ಕಿಂತ ಗುರುತರವಾದುದೂ ಹೆಸರಿನ ಬದಲಾವಣೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗೆ ವಾಹನ ಕೈಬದಲಾದಾಗ ಕೊಟ್ಟವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. ಪಡೆದವನು 30 ದಿನಗಳೊಳಗೆ ತನ್ನ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಸಲ್ಲಿಸಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಬೀಗದ ಕೈ ಕೊಟ್ಟು, ಹಾರ ಹಾಕಿಸಿಕೊಂಡು, ಛಾಯಾಚಿತ್ರ ತೆಗೆಸಿಕೊಂಡು ಹೊರಟ ದಾನಿಯು ಈ ಎರಡು ಕಾಗದಗಳನ್ನು ಮರೆತರೆ ಕಾರು ಕಾನೂನಿನ ಕಣ್ಣಿನಲ್ಲಿ ಇನ್ನೂ ಅವನದೇ. ಹಲವರ ಕೈ ದಾಟಿದ ಒಂದು ಕಾರು 2009ರಲ್ಲಿ ಅಪಘಾತಕ್ಕೆ ಕಾರಣವಾದಾಗ ನೋಂದಣಿ ಮಾತ್ರ ಮೊದಲನೆಯವನ ಹೆಸರಿನಲ್ಲಿಯೇ ಉಳಿದಿತ್ತು. ಅವನು ಅದನ್ನು ಮಾರಿ ಬಹುಕಾಲ ಕಳೆದಿತ್ತು. ಆದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಪರಿಹಾರದ ಹೊಣೆಯೂ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮಾರಿದವನಿಗೆ ಅನ್ವಯಿಸುವ ಈ ನ್ಯಾಯ ದಾನಕೊಟ್ಟವನನ್ನೂ ಬಿಡದು. ಧಾರೆ ಎರೆದ ನೀರು ಒಣಗಿದರೂ ದಫ್ತರಿನ ಅಕ್ಷರ ಒಣಗುವುದಿಲ್ಲ.

ತೆರಿಗೆಯ ಮಾತು

ದಾನವನ್ನು ತೆರಿಗೆಯ ಲಾಭಕ್ಕಾಗಿ ಮಾಡುವುದಲ್ಲ. ಆದರೂ ಸರ್ಕಾರ ಕೊಡುವ ಸವಲತ್ತನ್ನು ತಿಳಿದಿರುವುದು ತಪ್ಪಲ್ಲ. ತಪ್ಪಾಗಿ ತಿಳಿದಿರುವುದು ಮಾತ್ರ ಕಷ್ಟಕ್ಕೆ ಕಾರಣ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ಹಳೆಯ ಕಾರನ್ನು ಧರ್ಮಸಂಸ್ಥೆಗೆ ಕೊಟ್ಟು ತೆರಿಗೆಯಲ್ಲಿ ಕಳೆಯುವ ಪದ್ಧತಿ ಪರಿಚಿತ. ಅಲ್ಲಿಯೂ ಅದು ದೋಷರಹಿತವಾಗಿರಲಿಲ್ಲ. ದಾನಿಯು ತಾನೇ ಊಹಿಸಿದ ಬೆಲೆಯನ್ನು ತೆರಿಗೆಯಲ್ಲಿ ತೋರಿಸುತ್ತಿದ್ದ. ಸಂಸ್ಥೆಯ ಕೈಗೆ ಬರುತ್ತಿದ್ದುದು ಮಧ್ಯವರ್ತಿಗಳ ಪಾಲು ಕಳೆದು ಉಳಿದ ಚೂರು. ಅಲ್ಲಿಯ ಸಂಸತ್ತಿಗೆ ಸೇರಿದ ಲೆಕ್ಕಪರಿಶೋಧನಾ ಕಚೇರಿ 2003ರಲ್ಲಿ 54 ವಾಹನಗಳ ಜಾಡು ಹಿಡಿದು ನೋಡಿದಾಗ, ಮೂರರಲ್ಲಿ ಎರಡು ಪಾಲು ಪ್ರಸಂಗಗಳಲ್ಲಿ ಸಂಸ್ಥೆಗೆ ದೊರೆತದ್ದು ದಾನಿಯು ತೋರಿಸಿದ ಬೆಲೆಯ ನೂರಕ್ಕೆ ಐದರಷ್ಟೋ ಅದಕ್ಕೂ ಕಡಿಮೆಯೋ ಆಗಿತ್ತು. ಆದುದರಿಂದ 2004ರಲ್ಲಿ ಕಾಯಿದೆಯನ್ನು ತಿದ್ದಿ, 500 ಡಾಲರಿಗೂ ಮೀರಿ ಕಳೆಯಬೇಕಾದರೆ ಸಾಮಾನ್ಯವಾಗಿ ಸಂಸ್ಥೆಯು ವಾಹನವನ್ನು ಮಾರಿ ಪಡೆದ ಬೆಲೆಯಷ್ಟನ್ನೇ ಕಳೆಯತಕ್ಕದ್ದೆಂದು 2005ರಿಂದ ಜಾರಿಗೆ ತಂದರು. ವಾಹನವನ್ನು ಸಂಸ್ಥೆಯೇ ಸೇವೆಗೆ ಬಳಸಿಕೊಂಡರೆ ನಿಯಮ ಬೇರೆ.

ಭಾರತದಲ್ಲಿಯ ಕ್ರಮ ಇದಕ್ಕಿಂತ ಕಠಿನ. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನ ಐದನೆಯ ವಿವರಣೆಯು ಹಣದ ರೂಪದಲ್ಲಿ ಕೊಟ್ಟುದಕ್ಕೆ ಮಾತ್ರ ವಿನಾಯಿತಿಯೆಂದು ಸ್ಪಷ್ಟಪಡಿಸುತ್ತದೆ. ಷೇರುಗಳ ದಾನವೂ ಹಣದ ದಾನವಲ್ಲವೆಂದು ಶ್ರೀ ರಾಮವರ್ಮರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಅಂದ ಮೇಲೆ ಕೋಟಿ ರೂಪಾಯಿಯ ಕಾರನ್ನು ಕಾರಾಗಿಯೇ ಕೊಟ್ಟವನಿಗೆ ಒಂದು ರೂಪಾಯಿಯ ವಿನಾಯಿತಿಯೂ ಇಲ್ಲ. ಅದನ್ನೇ ದಾನಿಯು ತಾನೇ ಮಾರಿ, ಬಂದ ಹಣವನ್ನು ಅನುಮೋದಿತ ಸಂಸ್ಥೆಗೆ ಚೆಕ್ಕಿನ ಮೂಲಕವೋ ಬ್ಯಾಂಕಿನ ವರ್ಗಾವಣೆಯ ಮೂಲಕವೋ ಕೊಟ್ಟರೆ ವಿನಾಯಿತಿ ಸಲ್ಲುತ್ತದೆ. 2,000 ರೂಪಾಯಿಗೂ ಮೀರಿದ ನಗದಿಗೆ ಅದು ಸಲ್ಲದು. ಸ್ವಂತ ಬಳಕೆಯ ಕಾರು ವೈಯಕ್ತಿಕ ಸ್ವತ್ತಾದುದರಿಂದ ಅದನ್ನು ಮಾರಿದ ಮಾತ್ರಕ್ಕೆ ಬಂಡವಾಳ ಲಾಭದ ತೆರಿಗೆಯೂ ಬಾರದು. ವ್ಯಾಪಾರದ ಲೆಕ್ಕದಲ್ಲಿ ಇಟ್ಟ ಕಾರಿನ ಮಾತು ಬೇರೆ.

ಈ ವಿನಾಯಿತಿಗೂ ಮಿತಿಯುಂಟು. ಸಾಮಾನ್ಯವಾದ ಧರ್ಮಸಂಸ್ಥೆಗಳಿಗೆ ಕೊಟ್ಟ ಹಣದಲ್ಲಿ ದಾನಿಯ ಲೆಕ್ಕಾಚಾರದ ಆದಾಯದ ಹತ್ತನೆಯ ಒಂದು ಪಾಲಿನವರೆಗೆ ಮಾತ್ರ ಗಣನೆಗೆ ಬರುತ್ತದೆ. ಅದರಲ್ಲಿಯೂ ಅರ್ಧ ಮಾತ್ರ ಆದಾಯದಿಂದ ಕಳೆಯಲ್ಪಡುತ್ತದೆ. ಉದಾಹರಣೆಗೆ, ವರ್ಷಕ್ಕೆ 50 ಲಕ್ಷ ರೂಪಾಯಿ ಆದಾಯವುಳ್ಳ ದಾನಿಯೊಬ್ಬನು ಕಾರು ಮಾರಿ 20 ಲಕ್ಷ ರೂಪಾಯಿ ಕೊಟ್ಟನೆಂದು ಇಟ್ಟುಕೊಳ್ಳಬಹುದು. ಗಣನೆಗೆ ಬರುವುದು 5 ಲಕ್ಷ, ಕಳೆಯಲ್ಪಡುವುದು ಎರಡೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿರುವವನಿಗೆ ಇಷ್ಟೂ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ದಾನಿಯು ಆಯಾ ವರ್ಷದ ನಿಯಮವನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳುವುದು ಲೇಸು. ಇಷ್ಟರಿಂದ ಒಂದು ಮಾತು ಸಿದ್ಧವಾಗುತ್ತದೆ: ಈ ದೇಶದಲ್ಲಿ ಕಾರಿನ ದಾನದಿಂದ ಲಾಭ ಮಾಡಿಕೊಳ್ಳುವುದು ಸಾಧ್ಯವಿಲ್ಲ. ಕೊಡುವವನು ಕೊಡಬೇಕೆಂದೇ ಕೊಡಬೇಕು. ದಾನದ ಶುದ್ಧಿಗೆ ಇದು ಒಳ್ಳೆಯದೇ ಆಯಿತು.

ಕಾರನ್ನು ಕಾರಾಗಿಯೇ ಕೊಡಬಹುದಾದ ಸಂದರ್ಭಗಳು

ಎಲ್ಲ ವಾಹನವನ್ನೂ ಮಾರಿಯೇ ಕೊಡಬೇಕೆಂದು ಹೇಳಲಾಗದು. ಗಟ್ಟಿಮುಟ್ಟಾದ ಜೀಪು ಅಥವಾ ವ್ಯಾನು ಗ್ರಾಮದ ಆಸ್ಪತ್ರೆಗೆ, ವಿದ್ಯಾರ್ಥಿನಿಲಯಕ್ಕೆ ಕೂಡಲೇ ಉಪಯೋಗಕ್ಕೆ ಬರುತ್ತದೆ. ಓಡಲಾರದ ಕಾರು ಕೂಡ ಮೋಟಾರು ವಿಭಾಗವುಳ್ಳ ಪಾಲಿಟೆಕ್ನಿಕ್ಕಿಗೆ ಪಠ್ಯಪುಸ್ತಕವಾದೀತು. ಬಿಚ್ಚಿ ಜೋಡಿಸಿ ಕಲಿಯುವ ವಿದ್ಯಾರ್ಥಿಗೆ ಉನ್ನತ ತಂತ್ರಜ್ಞಾನದ ಇಂಜಿನ್ನಿಗಿಂತ ಬೇರೆ ಗುರುವಿಲ್ಲ. ಇನ್ನು ಬಹು ಹಳೆಯ ಕಾರುಗಳಿಗೆ ಚರಿತ್ರೆಯ ಬೆಲೆಯುಂಟು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಆದರದಿಂದ ಕಾಪಾಡಿಕೊಂಡು ಬಂದಿದ್ದಾರೆ. 50 ವರ್ಷ ಮೀರಿದ ಇಂಥ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನೂ ಮಾಡಿದೆ. ಯಾವ ಉಪಯೋಗಕ್ಕೂ ಬಾರದಷ್ಟು ಸವೆದ ಕಾರನ್ನು ಮಾತ್ರ ದಾನದ ಹೆಸರಿನಲ್ಲಿ ಸಾಗಹಾಕದೆ, ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ನೋಂದಣಿ ರದ್ದುಮಾಡಿಸಿ, ಬಂದ ಹಣವನ್ನು ಕೊಡುವುದೇ ಸತ್ಪಥ. ಅದು ಚಿಕ್ಕ ಮೊತ್ತವಾದರೂ ನಚಿಕೇತನು ಮೆಚ್ಚುವಂಥದು.

ಸಂಸ್ಥೆಯ ಕಡೆಯಿಂದಲೂ ಕೆಲವು ಕರ್ತವ್ಯಗಳಿವೆ. ಕಾರನ್ನು ಸ್ವೀಕರಿಸುವ ಮೊದಲು ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ಣಯವಾಗಬೇಕು. ಕಾಗದಪತ್ರಗಳನ್ನು ಪರಿಶೀಲಿಸಬೇಕು. ಬಲ್ಲವರಿಂದ ಬೆಲೆ ಕಟ್ಟಿಸಬೇಕು. ಇಟ್ಟುಕೊಳ್ಳುವುದೋ ಮಾರುವುದೋ ಎಂಬುದನ್ನು ದಾನಿಗೆ ಮೊದಲೇ ತಿಳಿಸಿ ಅವನ ಒಪ್ಪಿಗೆ ಪಡೆಯಬೇಕು. ತಾನು ಕೊಟ್ಟ ಕಾರು ಮೂರು ತಿಂಗಳಲ್ಲಿ ಅನ್ಯರ ಮನೆಯ ಮುಂದೆ ನಿಂತುದನ್ನು ಕಂಡು ದಾನಿ ನೊಂದುಕೊಳ್ಳುವ ಪ್ರಸಂಗ ಬರಬಾರದು. ಮಾರಿದ ಬೆಲೆಯೆಷ್ಟು, ಅದು ಯಾವ ಕಾರ್ಯಕ್ಕೆ ಸಂದಿತು ಎಂಬುದನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಬೇಕು. ಬೇಡವಾದ ವಸ್ತುವನ್ನು ವಿನಯದಿಂದ ಬೇಡವೆನ್ನುವ ಧೈರ್ಯವೂ ಇರಬೇಕು. ದಾನಿಯನ್ನು ನೋಯಿಸಬಾರದೆಂಬ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಭಾರವನ್ನು ಹೊತ್ತರೆ ಅದನ್ನು ತೆರುವವರು ಮಕ್ಕಳೇ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ದಾಸೋಹವು ಈ ಸೀಮೆಯ ಜನಕ್ಕೆ ಕಣ್ಣೆದುರಿನ ಮಾದರಿ. ಸುಗ್ಗಿಯಲ್ಲಿ ರೈತನು ತಂದು ಸುರಿಯುವ ರಾಗಿಗೆ ಯಾವ ನಮೂನೆಯೂ ಬೇಡ. ಅದು ಅಂದೇ ಒಲೆಯ ಮೇಲೆ ಮುದ್ದೆಯಾಗುತ್ತದೆ. ದಾಸೋಹದಲ್ಲಿ ನಾನು ಕೊಟ್ಟೆನೆಂಬ ಭಾವಕ್ಕೆ ಎಡೆಯಿಲ್ಲ. ಕೊಟ್ಟುದು ಉಣ್ಣುವವನ ಎಲೆಯನ್ನು ಮುಟ್ಟಿತೆ ಎಂಬುದೊಂದೇ ಅಲ್ಲಿಯ ಲೆಕ್ಕ. ರಾಗಿಯ ಮೂಟೆಗೂ ಸ್ಪೋರ್ಟ್ಸ್ ಕಾರಿಗೂ ಇರುವ ಅಂತರವಿಷ್ಟೆ: ಮೂಟೆ ತಾನಾಗಿ ಅನ್ನವಾಗುತ್ತದೆ, ಕಾರನ್ನು ಅನ್ನವಾಗಿಸಬೇಕು. ಆ ಕೆಲಸವನ್ನು ಪಡೆಯುವವನ ಹೆಗಲಿಗೆ ಹೊರಿಸದೆ ಕೊಡುವವನೇ ಮಾಡಿ ಮುಗಿಸಿದರೆ ಅವನ ದಾನಕ್ಕೆ ಶ್ರಮದಾನವೂ ಕೂಡಿದಂತಾಗುತ್ತದೆ.

ಕೆಂಗಲ್ಲಿನ ಜಾತ್ರೆಯಲ್ಲಿ ಎತ್ತನ್ನು ಮಾರಿದ ರೈತನು ಹಗ್ಗವನ್ನು ಕೊಳ್ಳುವವನ ಕೈಗೆ ಒಪ್ಪಿಸುವ ಮುನ್ನ ಒಮ್ಮೆ ಅದರ ಬೆನ್ನು ಸವರುತ್ತಾನೆ. ಇಷ್ಟುದಿನ ತನಗೆ ದುಡಿದ ಜೀವ ಇನ್ನು ಮುಂದೆ ಮತ್ತೊಬ್ಬನ ಹೊಲದಲ್ಲಿ ಚೆನ್ನಾಗಿರಲೆಂಬ ಹಾರೈಕೆ ಅದರಲ್ಲಿದೆ. ಪ್ರೀತಿಯಿಂದ ಕೊಂಡ ಕಾರನ್ನು ವಿದ್ಯಾಸಂಸ್ಥೆಗಾಗಿ ಬಿಟ್ಟುಕೊಡುವ ಹಿರಿಯ ವಿದ್ಯಾರ್ಥಿಯೂ ಹಾಗೆಯೇ ಒಮ್ಮೆ ಅದನ್ನು ನೋಡಿ, ಒತ್ತೆ ಬಿಡಿಸಿ, ಬಾಕಿ ತೀರಿಸಿ, ಹೆಸರು ಬದಲಾಯಿಸಿ, ನಾಲ್ವರ ಎದುರಿನಲ್ಲಿ ಬೆಲೆ ಮಾಡಿ, ಆ ಹಣವನ್ನು ಮಕ್ಕಳ ಪಾಲಿಗೆ ಒಪ್ಪಿಸಲಿ. ಆಗ ಅದು ನಿಜವಾಗಿಯೂ ಸರ್ವಬಾಧಾಪರಿಹಾರವಾದ ದಾನವೆನಿಸುವುದು.